ಕಡಲಪಾಚಿ ತಿನ್ನು ತಂಗಿ, ಲೆಕ್ಕ ಇಟ್ಟು ತಿನ್ನು

ತಂಗೆವ್ವ, ದಸರೆಗೆ ಹೇಮಗುಡ್ಡದ ದುರ್ಗಮ್ಮನ ಗುಡಿಗೆ ಬಂದವಳು ಬೆಂಗಳೂರಿನಿಂದ ಕಡಲಪಾಚಿ ಪಾಕೀಟು ತಂದಿದ್ದಿ. ಮನೆಮಂದಿ ನಕ್ಕರು. ನಗುವಂಥದ್ದೇನಿಲ್ಲ. ಜಪಾನು, ಕೊರಿಯಾದವರು ತಲೆಮಾರುಗಳಿಂದ ಉಣ್ಣುವ ಪದಾರ್ಥ ಅದು. ಫಾಲೂದಾಕ್ಕೆ ಹಾಕುವ ಚೈನಾ ಗ್ರಾಸ್ ಕೂಡ ಕಡಲಪಾಚಿಯದೇ. ಭತ್ತಕ್ಕೆ ಹೊಡೆಯುವ ‘ಸಾಗರಿಕಾ’ ಎಂಬ ದ್ರಾವಣ ಅದರದೇ ರಸ. ಅಂದರೆ ನಮ್ಮ ಗದ್ದೆ ನಮಗಿಂತ ಮೊದಲೇ ಅದರ ರುಚಿ ನೋಡಿದೆ!

ಆದರೆ ಪಾಕೀಟಿನ ಮೇಲೆ ಅಚ್ಚಾದದ್ದನ್ನೆಲ್ಲ ನಂಬಬೇಡ. ಹಾಳೆಯಂತೆ ಒಣಗಿಸಿದ ನೋರಿ ಎಂಬ ಕಡಲಪಾಚಿಯಲ್ಲಿ ಮೂರನೇ ಒಂದು ಪಾಲಿಗೂ ಮೀರಿ ಪ್ರೋಟೀನು ಇರುತ್ತದೆ, ಖರೆ. ಒಂದು ಹಾಳೆ ತೂಗುವುದು ಮಾತ್ರ ಸುಮಾರು 3 ಗ್ರಾಂ. ಸಿಗುವ ಪ್ರೋಟೀನು ಒಂದು ಗ್ರಾಂ ಚಿಲ್ಲರೆ. ಒಂದು ಹಿಡಿ ಶೇಂಗಾದಲ್ಲಿ 7 ಗ್ರಾಂ ಬರುತ್ತದೆ. ಸುಣ್ಣದಂಶಕ್ಕೆಂದು ವಾಕಾಮೆ ಎಂಬ ಇನ್ನೊಂದು ಬಗೆಯನ್ನು ಹಸಿಯಾಗಿ ತಿಂದರೆ 100 ಗ್ರಾಂಗೆ 150 ಮಿಲಿಗ್ರಾಂ; ಹಿತ್ತಲಿನ ರಾಜಗಿರಿ ಪಲ್ಯ ಅದರ ಎರಡರಷ್ಟು ಕೊಡುತ್ತದೆ. ಒಮೆಗಾ-3 ಬೇಕೆಂದರೆ ರೊಟ್ಟಿ ಜೊತೆ ಅಗಸಿ ಚಟ್ನಿ ಇದೆಯಲ್ಲ.

ಕಡಲಪಾಚಿಯ ನಿಜವಾದ ಕಸುವು ಅಯೋಡಿನ್. ಅಪಾಯವೂ ಅಲ್ಲೇ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ. ಕೊಂಬು ಎಂಬ ಕಡಲಪಾಚಿ ಒಣಗಿದ್ದರೆ ಒಂದೇ ಗ್ರಾಂನಲ್ಲಿ ಸಾವಿರ ಮೈಕ್ರೋಗ್ರಾಂ ದಾಟಬಹುದು. ಅಷ್ಟನ್ನು ದಿನಾ ಹೊಟ್ಟೆಗಿಳಿಸಿದರೆ ಥೈರಾಯ್ಡ್ ಹದ ತಪ್ಪುತ್ತದೆ. ಕಡಲಿರಲಿ ಇಲ್ಲದಿರಲಿ, ಎಲ್ಲ ಸೀಮೆಯವರಿಗೂ ಎಂದು ಉಪ್ಪಿಗೆ ಅಯೋಡಿನ್ ಬೆರೆಸುತ್ತಾರೆ. ಮನೆಗೆ ಬರುವ ಉಪ್ಪಿನಲ್ಲಿ ಕೆಜಿಗೆ ಕನಿಷ್ಠ 15 ಮಿಲಿಗ್ರಾಂ ಇರಬೇಕೆಂಬುದು ನಿಯಮ. ಆ ಉಪ್ಪನ್ನು ಬಿಟ್ಟು ಗುಲಾಬಿ ಉಪ್ಪಿಗೆ ದುಡ್ಡು ಸುರಿಯುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಪಾಕೀಟು ಒಡೆದ ಮೇಲೆ ಉಪ್ಪನ್ನು ಬಿಗಿಮುಚ್ಚಳದ ಡಬ್ಬಿಗೆ ಹಾಕು, ಒಲೆ ಪಕ್ಕ ಇಡಬೇಡ, ಸಾರು ಇಳಿಸುವ ಹೊತ್ತಿಗೆ ಹಾಕು. ಶಾಖಕ್ಕೂ ತೇವಕ್ಕೂ ಅಯೋಡಿನ್ ಹಾರಿಹೋಗುತ್ತದೆ.

ನೋರಿಯನ್ನು ವಾರಕ್ಕೆ ಒಂದೆರಡು ಸಲ ರುಚಿಗೆ ತಿನ್ನು, ಬೇಡವೆನ್ನುವುದಿಲ್ಲ. ಹಿಜಿಕಿ ಎಂಬ ಕರಿಯ ಬಗೆಯನ್ನು ಮಾತ್ರ ಮುಟ್ಟಬೇಡ. ಅದರಲ್ಲಿ ಆರ್ಸೆನಿಕ್ ಹೆಚ್ಚೆಂದು ಬ್ರಿಟನ್ನಿನ ಆಹಾರ ಇಲಾಖೆ 2004ರಲ್ಲೇ ತಿನ್ನಬೇಡಿ ಎಂದು ಜನಕ್ಕೆ ಹೇಳಿದೆ. ಬಸುರಿಯರು, ಥೈರಾಯ್ಡ್ ಗುಳಿಗೆ ನುಂಗುವವರು ಡಾಕ್ಟರರನ್ನು ಕೇಳದೆ ಕೆಲ್ಪ್ ಎಂಬ ಕಡಲಪಾಚಿಯ ಮಾತ್ರೆ ತಗೋಬಾರದು. ನಿಮ್ಮವ್ವ ಥೈರಾಯ್ಡ್ ಗುಳಿಗೆ ನುಂಗುವಾಕಿ. ಶಕ್ತಿ ಬರುತ್ತದೆಂದು ಆಕೆಗೆ ಅಂಥ ಕೆಲ್ಪ್ ಮಾತ್ರೆ ಕೊಟ್ಟುಗಿಟ್ಟೀ, ಜ್ವಾಕಿ.