ಅಟ್ಟದ ತೊಲೆಯೂ ತ್ರಿಕೋನಗಳ ಜಾಲವೂ

ಬಿಳಿಗೆರೆಯ ಸುತ್ತಣ ತೆಂಗಿನ ಸೀಮೆಯಲ್ಲಿ ಉಂಡೆಕೊಬ್ಬರಿಗಾಗಿ ಕಾಯಿಗಳನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಡುವುದುಂಟು. ಆ ಭಾರಕ್ಕೆ ತೊಲೆ ಬಾಗುತ್ತದೆ: ಅದರ ಮೇಲ್ಭಾಗ ಕುಗ್ಗುತ್ತದೆ, ಕೆಳಭಾಗ ಹಿಗ್ಗುತ್ತದೆ, ನಟ್ಟನಡುವೆ ಎರಡೂ ಇಲ್ಲ. ಎಷ್ಟು ಬಾಗೀತೆಂದು ಗಣಕಯಂತ್ರದಿಂದ ಅರಿಯಬಹುದೆ?

ಅರಿಯಬಹುದು. ತೊಲೆಯ ಪಾರ್ಶ್ವಚಿತ್ರವನ್ನು ಸಣ್ಣ ತ್ರಿಕೋನಗಳ ಜಾಲವಾಗಿ ವಿಭಾಗಿಸಿ, ಮೂಲೆಗಳೆಂಬ ‘ಗಂಟು’ಗಳು ಎಷ್ಟೆಷ್ಟು ಸರಿಯುತ್ತವೆಂದು ಲೆಕ್ಕಹಾಕಬೇಕು. ಇದೇ ಪರಿಮಿತ ಅಂಶ ವಿಧಾನ. 1956ರಲ್ಲಿ ಟರ್ನರ್, ಕ್ಲಫ್, ಮಾರ್ಟಿನ್ ಮತ್ತು ಟಾಪ್ ಎಂಬ ವಿಜ್ಞಾನಿಗಳು ವಿಮಾನದ ರಚನೆಗಳ ಅಧ್ಯಯನಕ್ಕಾಗಿ ಇಂತಹ ತ್ರಿಕೋನಗಳನ್ನು ಬಳಸಿದರು.

ಆದರೆ ಮೂರು ಗಂಟುಗಳ ತ್ರಿಕೋನದೊಳಗೆ ವಿಕೃತಿಯು ಎಲ್ಲೆಡೆಯೂ ಒಂದೇ. ಕುಗ್ಗುವುದನ್ನೂ ಹಿಗ್ಗುವುದನ್ನೂ ಅದು ಒಟ್ಟಿಗೆ ತೋರಿಸಲಾರದು. ಆದುದರಿಂದ ಗಣಕದ ತೊಲೆಯು ನಿಜವಾದ ತೊಲೆಗಿಂತ ಪೆಡಸಾಗಿ, ಕಡಮೆ ಬಾಗುತ್ತದೆ. ಆ ಉತ್ತರವನ್ನು ನಂಬಿ ಇನ್ನಷ್ಟು ಕಾಯಿ ಪೇರಿಸಿದರೆ ಅಪಾಯ ತಪ್ಪದು.

ಪರಿಹಾರವೇನು? ಪ್ರತಿಯೊಂದು ಬಾಹುವಿನ ಮಧ್ಯದಲ್ಲಿಯೂ ಒಂದು ಗಂಟನ್ನು ಸೇರಿಸಿ, ಆರು ಗಂಟುಗಳ ತ್ರಿಕೋನವನ್ನಾಗಿ ಮಾಡುವುದು. ಆಗ ವಿಕೃತಿಯು ತ್ರಿಕೋನದೊಳಗೆ ಸರಳರೇಖೆಯಂತೆ ಏರಿಳಿಯಬಲ್ಲುದು. ಬಾಗುವಿಕೆಗೆ ಬೇಕಾದುದೂ ಅದೇ. ಅಬಾಕಸ್ ಎಂಬ ತಂತ್ರಾಂಶದಲ್ಲಿ ‘ಸಿಪಿಎಸ್3’ ಎಂಬ ಬಗೆಯನ್ನು ‘ಸಿಪಿಎಸ್6’ಕ್ಕೆ ಬದಲಿಸುವುದೆಂದರೆ ಇದೇ.

ಹೆಸರನ್ನಷ್ಟೇ ಬದಲಿಸಿದರೆ ಸಾಲದೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ನಡುಗಂಟುಗಳು ಜಾಲದಲ್ಲಿ ನಿಜವಾಗಿಯೂ ಇರಬೇಕು. ಪಕ್ಕದ ತ್ರಿಕೋನವೂ ಅದೇ ಗಂಟನ್ನು ಹಂಚಿಕೊಂಡಿರಬೇಕು. ಇಲ್ಲವಾದರೆ ಭಾರ ಬಿದ್ದಾಗ ಅವೆರಡರ ಅಂಚುಗಳು ಒಂದಕ್ಕೊಂದು ಹೊಂದದೆ ನಡುವೆ ಬಿರುಕು ತೋರುತ್ತದೆ. ಎರಡು ಬಗೆಯಲ್ಲಿಯೂ ಲೆಕ್ಕಮಾಡಿ ಹೋಲಿಸಿ ನೋಡಿ. ಉತ್ತರಗಳ ಅಂತರ ದೊಡ್ಡದಾಗಿದ್ದರೆ, ಮೊದಲಿನದನ್ನು ನಂಬಿ ಅಟ್ಟ ಹತ್ತಬೇಡಿ.