ಬೇರುನಾಳದೊಳಗೆ ಎಷ್ಟು ತೇವ ಇರಬೇಕು?

ರೂಟ್ ಕೆನಾಲ್ ಚಿಕಿತ್ಸೆಯ ಕೊನೆಯ ಭಾಗದಲ್ಲಿ ದಂತವೈದ್ಯರು ಬಿಳಿಯ ಸಣ್ಣ ಕಾಗದದ ಕಡ್ಡಿಗಳನ್ನು ಒಂದರ ಹಿಂದೊಂದು ಹಲ್ಲಿನೊಳಗೆ ಇಳಿಸಿ, ಎತ್ತಿ, ತುದಿ ನೋಡಿ, ಪಕ್ಕಕ್ಕಿಡುತ್ತಾರೆ. ಇವಕ್ಕೆ ಪೇಪರ್ ಪಾಯಿಂಟ್ ಎನ್ನುತ್ತಾರೆ. ಕುರ್ಚಿಯಲ್ಲಿ ಬಾಯಿ ತೆರೆದು ಕೂತವರಿಗೆ ಇದು ಸುಮ್ಮನೆ ಸಮಯ ತಿನ್ನುವ ಕೆಲಸದಂತೆ ಕಾಣುತ್ತದೆ. ಆದರೆ ನಾಳದೊಳಗೆ ತುಂಬುವ ಸಿಮೆಂಟು ಸರಿಯಾಗಿ ಗಟ್ಟಿಯಾಗುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ತೀರ್ಮಾನವಾಗುವುದು ಆ ಕೆಲವು ನಿಮಿಷಗಳಲ್ಲಿ.

ನಾಳವನ್ನು ತುಂಬುವ ಮುಖ್ಯ ವಸ್ತು ಗಟ್ಟಾಪರ್ಚಾ, ಮಲಯ ಪ್ರದೇಶದ ಮರವೊಂದರ ಹಾಲಿನಿಂದ ಬಂದದ್ದು. ಅದು ತಾನಾಗಿ ಹಲ್ಲಿಗೆ ಅಂಟುವುದಿಲ್ಲ. ಅದಕ್ಕೂ ನಾಳದ ಗೋಡೆಗೂ ನಡುವಿನ ಕೂದಲೆಳೆಯ ಸಂದನ್ನು ಮುಚ್ಚುವುದು ಸೀಲರ್ ಎಂಬ ಸಿಮೆಂಟು. ಐಎಸ್‌ಒ 6876 ಮಾನದಂಡದ ಪ್ರಕಾರ ಇದರ ಪದರ 50 ಮೈಕ್ರೊಮೀಟರ್‌ಗಿಂತ ದಪ್ಪವಾಗಬಾರದು. ಇಷ್ಟು ತೆಳ್ಳಗಿನ ಪದರಕ್ಕೆ ಒಂದು ಹನಿ ನೀರು ಹೆಚ್ಚಾದರೂ ತೊಂದರೆ. ಕೆಲವು ಸಿಮೆಂಟುಗಳಿಗೆ ಕಡಿಮೆಯಾದರೂ ತೊಂದರೆ. ಹಾಗಾಗಿ ಎಲ್ಲ ಹಲ್ಲಿಗೂ ಒಂದೇ ರೀತಿಯ ‘ಒಣಗಿಸುವಿಕೆ’ ನಡೆಯದು. ಯಾವ ಸಿಮೆಂಟು ಎಂದು ಮೊದಲು ನಿರ್ಧರಿಸಿ, ಅದಕ್ಕೆ ತಕ್ಕಂತೆ ಒಣಗಿಸಬೇಕು. ಚಿಕಿತ್ಸೆಗೆ ಹೋಗುವವರಿಗೂ ಹೊಸದಾಗಿ ಕ್ಲಿನಿಕ್ ತೆರೆದ ಯುವ ವೈದ್ಯರಿಗೂ ಉಪಯೋಗವಾಗಲಿ ಎಂದು ಕ್ರಮವಾಗಿ ಇಲ್ಲಿ ಬರೆದಿದ್ದೇನೆ.

ಮೊದಲು ಎಂಜಲನ್ನು ಹೊರಗಿಡಿ

ರಬ್ಬರ್ ಡ್ಯಾಮ್ ಎಂಬ ತೆಳು ಹಾಳೆಯನ್ನು 1864ರಲ್ಲಿ ನ್ಯೂಯಾರ್ಕ್‌ನ ದಂತವೈದ್ಯ ಸ್ಯಾನ್‌ಫರ್ಡ್ ಬಾರ್ನಮ್ ಬಳಕೆಗೆ ತಂದರು. ಚಿಕಿತ್ಸೆಯ ಹಲ್ಲೊಂದು ಮಾತ್ರ ಹಾಳೆಯ ತೂತಿನಿಂದ ಹೊರಗೆ ಇಣುಕುತ್ತದೆ. ಎಂಜಲು, ಅದರ ಜೊತೆಗಿನ ಬ್ಯಾಕ್ಟೀರಿಯಾ, ಉಸಿರಿನ ಆವಿ ಎಲ್ಲವೂ ಹಾಳೆಯ ಆಚೆಗೇ ಉಳಿಯುತ್ತವೆ. ಇಷ್ಟು ಹಳೆಯ, ಇಷ್ಟು ಅಗ್ಗದ ಸಾಧನವನ್ನು ಸಮಯದ ನೆಪ ಹೇಳಿ ಬಿಟ್ಟುಬಿಡುವುದು ನನಗೆ ಒಪ್ಪಿಗೆಯಿಲ್ಲ. ರೋಗಿಗಳು ಇದನ್ನು ಕೇಳಿ ಹಾಕಿಸಿಕೊಳ್ಳಬಹುದು. ಮೂಗು ಕಟ್ಟಿದ್ದರೆ, ಲ್ಯಾಟೆಕ್ಸ್ ಅಲರ್ಜಿ ಇದ್ದರೆ ಮೊದಲೇ ಹೇಳಿ. ಲ್ಯಾಟೆಕ್ಸ್ ಇಲ್ಲದ ಹಾಳೆಗಳೂ ಸಿಗುತ್ತವೆ. ನಡುವೆ ನಾಲಗೆಗೆ ನಾಳ ತೊಳೆಯುವ ಬ್ಲೀಚಿನ ರುಚಿ ತಾಕಿದರೆ ಕೈ ಎತ್ತಿ ತಿಳಿಸಿ. ಹಾಳೆ ಎಲ್ಲೋ ಸೋರುತ್ತಿದೆ ಎಂದರ್ಥ.

ಒಸರು ನಿಲ್ಲದಿದ್ದರೆ ಆ ದಿನ ತುಂಬಬೇಡಿ

ಬೇರಿನ ತುದಿಯಲ್ಲಿ ಸೋಂಕಿದ್ದರೆ ಕೀವೋ ರಕ್ತವೋ ನಾಳದೊಳಕ್ಕೆ ಒಸರುತ್ತಲೇ ಇರುತ್ತದೆ. ಎಷ್ಟು ಕಾಗದದ ಕಡ್ಡಿ ಇಟ್ಟರೂ ತುದಿ ಒದ್ದೆಯಾಗಿಯೇ ಬರುತ್ತದೆ. ಇಂಥ ದಿನ ಯಾವ ಸಿಮೆಂಟೂ ನಂಬಿಕೆಗೆ ಯೋಗ್ಯವಲ್ಲ. ಸಾಮಾನ್ಯವಾಗಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪೇಸ್ಟ್ ಇಟ್ಟು, ತಾತ್ಕಾಲಿಕವಾಗಿ ಮುಚ್ಚಿ, ಒಂದೆರಡು ವಾರ ಬಿಟ್ಟು ಕರೆಯುತ್ತಾರೆ. ನೀರಿನಿಂದಲೇ ಗಟ್ಟಿಯಾಗುವ ಎಂಟಿಎಯಂಥ ಸಿಮೆಂಟು ಕೂಡ ರಕ್ತ ಬೆರೆತರೆ ಬಲ ಕಳೆದುಕೊಳ್ಳುತ್ತದೆ. ಉರಿಯೂತದ ಜಾಗದ ಆಮ್ಲೀಯತೆಯೂ ಅದಕ್ಕೆ ಹಿತವಲ್ಲ. ‘ಊರಿಂದ ಮತ್ತೆ ಬರೋದು ಕಷ್ಟ, ಇವತ್ತೇ ಮುಗಿಸಿಬಿಡಿ ಡಾಕ್ಟ್ರೇ’ ಎಂಬ ಒತ್ತಾಯ ನಮ್ಮಲ್ಲಿ ತೀರ ಸಾಮಾನ್ಯ. ಬಸ್ ಖರ್ಚು, ಒಂದು ದಿನದ ಕೂಲಿ ಎಲ್ಲವೂ ನಿಜವೇ. ಆದರೂ ಒಸರುವ ನಾಳವನ್ನು ತುಂಬಿಸಿಕೊಂಡು ಹೋದರೆ ಅದೇ ಹಲ್ಲಿಗೆ ಇನ್ನೂ ಹೆಚ್ಚು ಸಲ ಬರಬೇಕಾದೀತು.

ತೊಳೆದದ್ದೂ ಪೂರ್ತಿ ಹೊರಬರಲಿ

ನಾಳವನ್ನು ಸೋಡಿಯಂ ಹೈಪೊಕ್ಲೋರೈಟ್‌ನಿಂದ ತೊಳೆಯುತ್ತಾರೆ. ಉಪಕರಣ ಆಡಿಸಿದಾಗ ಗೋಡೆಗೆ ಮೆತ್ತಿದ ಪುಡಿಯ ಪದರ ಕರಗಲು ಸಾಮಾನ್ಯವಾಗಿ 17% ಇಡಿಟಿಎ ದ್ರಾವಣವನ್ನು ಸುಮಾರು ಒಂದು ನಿಮಿಷ ಬಿಡುತ್ತಾರೆ. ಇಡಿಟಿಎಯ ಗುಣವೇ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುವುದು. ಎಂಟಿಎಯಂಥ ಕ್ಯಾಲ್ಸಿಯಂ ಸಿಲಿಕೇಟ್ ಸಿಮೆಂಟು ಗಟ್ಟಿಯಾಗಬೇಕಾದರೆ ಅದೇ ಕ್ಯಾಲ್ಸಿಯಂ ಬೇಕು. ನಾಳದಲ್ಲಿ ಇಡಿಟಿಎ ಉಳಿದರೆ ಅಲ್ಲಿಗೆ ಅಡ್ಡಿ ಶುರು. ಆದ್ದರಿಂದ ಕೊನೆಯ ತೊಳೆತಕ್ಕೆ ಶುದ್ಧ ನೀರು ಅಥವಾ ಸಲೈನ್ ಬಳಸಬೇಕು.

ಆಮೇಲೆ ಕಾಗದದ ಕಡ್ಡಿಗಳ ಸರದಿ. ಕಡ್ಡಿ ನಾಳದ ಅಳತೆಗೆ ಹೊಂದಬೇಕು, ಬೇರಿನ ತುದಿ ದಾಟಬಾರದು. ದಾಟಿದರೆ ಆಚೆಯ ದ್ರವವನ್ನು ಹೀರಿಕೊಂಡು ‘ಇನ್ನೂ ಒದ್ದೆ’ ಎಂದು ತಪ್ಪು ಹೇಳುತ್ತದೆ. ಗಾಳಿ ಊದುವ ಸಿರಿಂಜ್‌ನಿಂದ ನಾಳ ಒಣಗಿಸುವುದಂತೂ ಬೇಡವೇ ಬೇಡ. ಗಾಳಿ ಬೇರಿನಾಚೆಯ ಅಂಗಾಂಶಕ್ಕೆ ನುಗ್ಗಿ ಮುಖ ಊದಿಕೊಳ್ಳುವ ಅಪಾಯವಿದೆ.

ಯಾವ ಸಿಮೆಂಟಿಗೆ ಎಷ್ಟು ತೇವ

ಕ್ಲಿನಿಕ್ಕಿನ ಬಾಗಿಲಲ್ಲೇ ಮೂಗಿಗೆ ಬರುವ ಲವಂಗದ ವಾಸನೆ ಯೂಜೆನಾಲ್‌ನದು. ಅದನ್ನು ಸತುವಿನ ಆಕ್ಸೈಡ್ ಪುಡಿಯೊಂದಿಗೆ ಕಲಸಿದರೆ ಜಿಂಕ್ ಆಕ್ಸೈಡ್ ಯೂಜೆನಾಲ್ ಸಿಮೆಂಟು ಆಗುತ್ತದೆ. ಇದಕ್ಕೆ ಚಾಲನೆ ಕೊಡುವುದೇ ನೀರು. ಸತುವಿನ ಆಕ್ಸೈಡ್ ಮೊದಲು ನೀರಿನೊಂದಿಗೆ ಸೇರಿ ಹೈಡ್ರಾಕ್ಸೈಡ್ ಆಗುತ್ತದೆ, ಅದು ಯೂಜೆನಾಲ್ ಜೊತೆ ಕೂಡಿ ಗಟ್ಟಿಯಾಗುತ್ತದೆ, ಆಗ ಮತ್ತೆ ನೀರು ಬಿಡುಗಡೆಯಾಗುತ್ತದೆ. ಎರಡೂ ಸಂಪೂರ್ಣ ಒಣಗಿದ್ದರೆ ಕ್ರಿಯೆಯೇ ನಡೆಯುವುದಿಲ್ಲ. ಗಾಜಿನ ಹಲಗೆಯ ಮೇಲೆ ಮೆತ್ತಗೇ ಇದ್ದ ಮಿಶ್ರಣ ಬಾಯಿಯ ಬಿಸುಪಿಗೂ ತೇವಕ್ಕೂ ಬೇಗ ಬಿಗಿಯುವುದು ಇದರಿಂದಲೇ.

ಉಡುಪಿ, ಮಂಗಳೂರು, ಕಾರವಾರದ ಕಡೆ ಕೆಲಸ ಮಾಡುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಮಳೆಗಾಲದ ಗಾಳಿಯ ತೇವವನ್ನು ಪುಡಿ ಹೀರಿಕೊಂಡರೆ ಸಿಮೆಂಟು ನಾಳ ತಲುಪುವ ಮುನ್ನವೇ ಬಿಗಿಯತೊಡಗುತ್ತದೆ. ನಿಧಾನವಾಗಲಿ ಎಂದು ಗಾಜಿನ ಹಲಗೆಯನ್ನು ಫ್ರಿಜ್ಜಿನಲ್ಲಿಟ್ಟು ತಂದರೆ ಅದರ ಮೇಲೆ ಹನಿ ಕಟ್ಟಿ ಪರಿಣಾಮ ತಿರುವುಮುರುವಾಗುತ್ತದೆ. ಹಲಗೆ ತಂಪಾಗಿರಲಿ, ಬೆವರುವಷ್ಟು ತಣ್ಣಗಿರುವುದು ಬೇಡ. ಪುಡಿಯ ಮುಚ್ಚಳ ಆಗಿಂದಾಗಲೇ ಬಿಗಿಯಾಗಲಿ.

ಎಪಾಕ್ಸಿ ರಾಳದ ಸೀಲರ್‌ಗಳ ಸ್ವಭಾವ ಬೇರೆ. ಹೆಚ್ಚು ಬಳಕೆಯಲ್ಲಿರುವ ಎಎಚ್ ಪ್ಲಸ್ ಎರಡು ಪೇಸ್ಟ್‌ಗಳ ಮಿಶ್ರಣ. ದೇಹದ ಉಷ್ಣತೆಯಲ್ಲಿ ಗಟ್ಟಿಯಾಗಲು ಅದಕ್ಕೆ ಸುಮಾರು 8 ಗಂಟೆ ಬೇಕು. ಅದಕ್ಕೆ ನೀರಿನ ಅಗತ್ಯವಿಲ್ಲ. ನಿಂತ ನೀರು ಸಿಕ್ಕರೆ ಗೋಡೆಗೆ ಹರಡಿಕೊಳ್ಳಲಾಗದೆ ಅಲ್ಲಲ್ಲಿ ಸಂದು ಬಿಡುತ್ತದೆ.

ಇನ್ನು ಕ್ಯಾಲ್ಸಿಯಂ ಸಿಲಿಕೇಟ್ ಸಿಮೆಂಟುಗಳು. ಅಮೆರಿಕದ ಲೋಮಾ ಲಿಂಡಾ ವಿಶ್ವವಿದ್ಯಾಲಯದಲ್ಲಿ ಮಹಮೂದ್ ತೊರಾಬಿನೆಜಾದ್ ರೂಪಿಸಿದ ಎಂಟಿಎ 1993ರಲ್ಲಿ ವೈದ್ಯ ಸಾಹಿತ್ಯಕ್ಕೆ ಬಂತು. ಮೂಲತಃ ಇದು ಕಟ್ಟಡದ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಸಂಬಂಧಿಯೇ. ಮನೆಯ ತಾರಸಿ ಹಾಕಿದ ಮೇಲೆ ನೀರು ಕಟ್ಟಿ ಕ್ಯೂರಿಂಗ್ ಮಾಡುತ್ತೇವಲ್ಲ, ರಸಾಯನ ಅದೇ. ಪುಡಿ 3 ಪಾಲು, ನೀರು 1 ಪಾಲು ಕಲಸಿಟ್ಟರೆ ಎರಡೂಮುಕ್ಕಾಲು ಗಂಟೆಯ ಹೊತ್ತಿಗೆ ಗಟ್ಟಿಯಾಗುತ್ತದೆ. ಅದರ ಮೇಲೆ ಒದ್ದೆ ಹತ್ತಿಯ ಉಂಡೆ ಇಟ್ಟು ಕಳಿಸುವುದು ಈ ಅವಧಿಗಾಗಿಯೇ. ನಂತರ ಬಂದ ಬಯೋಡೆಂಟಿನ್ ಸುಮಾರು 12 ನಿಮಿಷದಲ್ಲೇ ಬಿಗಿಯುತ್ತದೆ.

ಈಗ ಸಿರಿಂಜ್‌ನಲ್ಲಿ ಕಲಸಿಯೇ ಬರುವ ಬಯೋಸೆರಾಮಿಕ್ ಸೀಲರ್‌ಗಳಲ್ಲಿ ನೀರು ಇರುವುದಿಲ್ಲ. ಹಲ್ಲಿನ ಡೆಂಟಿನ್‌ನಲ್ಲಿರುವ ಸೂಕ್ಷ್ಮ ಕೊಳವೆಗಳ ತೇವವನ್ನೇ ಹೀರಿಕೊಂಡು ಅವು ಗಟ್ಟಿಯಾಗುತ್ತವೆ. ಹಳೆಯ ರೂಢಿಯಂತೆ ಆಲ್ಕೋಹಾಲ್ ಹಾಯಿಸಿ ನಾಳವನ್ನು ಬತ್ತಿಸಿಬಿಟ್ಟರೆ ಇವಕ್ಕೆ ಬೇಕಾದದ್ದನ್ನೇ ಕಿತ್ತುಕೊಂಡಂತೆ. ಹಾಗೆಂದು ‘ತೇವ ಇದ್ದರೂ ಪರವಾಗಿಲ್ಲ’ ಎಂಬ ಜಾಹೀರಾತಿನ ಮಾತನ್ನು ‘ಒಣಗಿಸದಿದ್ದರೂ ನಡೆಯುತ್ತದೆ’ ಎಂದು ಓದಿಕೊಳ್ಳಬಾರದು. ನೀರು ನಿಂತ ನಾಳದಲ್ಲಿ ಇವೂ ತೆಳುವಾಗಿ ತೊಳೆದುಹೋಗುತ್ತವೆ. ಸಿರಿಂಜ್‌ನ ಮೂತಿಗೆ ತೇವ ತಾಕಿದರೆ ಒಳಗಿನ ಪೇಸ್ಟ್ ಅಲ್ಲೇ ಬಿಗಿದುಕೊಳ್ಳುತ್ತದೆ, ಒರೆಸಿ ಮುಚ್ಚಬೇಕು.

2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಸ್ಪಷ್ಟವಾಗಿ ತೋರಿಸಿತು. ಕಿತ್ತ ಹಲ್ಲುಗಳ ನಾಳಗಳನ್ನು ನಾಲ್ಕು ಬಗೆಯಲ್ಲಿ ಸಿದ್ಧಪಡಿಸಿದರು: ಆಲ್ಕೋಹಾಲಿನಿಂದ ಪೂರ್ತಿ ಒಣಗಿಸಿದವು, ಕಾಗದದ ಕಡ್ಡಿ ಒಣಗಿ ಬರುವಷ್ಟು ಒಣಗಿಸಿದವು, ನೀರನ್ನು ಹೀರಿ ತೆಗೆದು ಒಂದೇ ಕಡ್ಡಿ ಮುಟ್ಟಿಸಿ ನಸು ತೇವ ಉಳಿಸಿದವು, ನೀರು ತುಂಬಿದವು. ಸೀಲರ್‌ಗಳು ಅತಿ ಬಲವಾಗಿ ಹಿಡಿದದ್ದು ನಸು ತೇವದಲ್ಲಿ, ಅತಿ ದುರ್ಬಲವಾದದ್ದು ನೀರು ನಿಂತಲ್ಲಿ. ಎಪಾಕ್ಸಿ ರಾಳದ ಸೀಲರ್ ಕೂಡ ಈ ಮಾತಿಗೆ ಹೊರತಾಗಿರಲಿಲ್ಲ. ಬಯೋಸೆರಾಮಿಕ್ ಬಳಸುವವರಿಗೆ ಕ್ಲಿನಿಕ್ಕಿನಲ್ಲಿ ಇದರರ್ಥ ಇಷ್ಟೇ: ನಿಂತ ದ್ರವವೆಲ್ಲ ಹೋಗಲಿ, ಕಡ್ಡಿ ಒಣಗಿ ಬಂದ ಮೇಲೆ ಮತ್ತೆ ಆಲ್ಕೋಹಾಲ್ ಹಾಯಿಸುವುದು ಬೇಡ.

ಮನೆಗೆ ಹೋದ ಮೇಲೆ

ಮೇಲೆ ಹಾಕುವ ತಾತ್ಕಾಲಿಕ ಫಿಲ್ಲಿಂಗ್‌ಗಳಲ್ಲಿ ಕ್ಯಾವಿಟ್‌ನಂಥವು ಎಂಜಲಿನ ನೀರು ಹೀರಿಯೇ ಗಟ್ಟಿಯಾಗುತ್ತವೆ. ಮೊದಲ ಒಂದು ಗಂಟೆ ಆ ಕಡೆ ಏನನ್ನೂ ಅಗಿಯಬೇಡಿ. ಅಂಟಂಟಾದದ್ದು, ಗಟ್ಟಿ ಚಕ್ಕುಲಿ, ಎಲೆ ಅಡಿಕೆ ಕ್ಯಾಪ್ ಕೂರುವವರೆಗೂ ಆ ಬದಿಗೆ ಬೇಡ. ಈ ಫಿಲ್ಲಿಂಗ್ ಮೂರೂವರೆ ಮಿಲಿಮೀಟರ್ ದಪ್ಪವಾದರೂ ಇರಬೇಕು. ತುಂಡು ಎದ್ದು ಬಂದರೆ, ಮೂಲೆ ಮುರಿದರೆ, ನೋವಿಲ್ಲವೆಂದು ಸುಮ್ಮನಿರದೆ ಅಂದೇ ಫೋನ್ ಮಾಡಿ. ಚೆನ್ನಾಗಿ ಗಟ್ಟಿಯಾದ ಸೀಲರ್ ಕೂಡ ವಾರಗಟ್ಟಲೆ ಎಂಜಲಿನಲ್ಲಿ ನೆನೆದರೆ ನಿಧಾನವಾಗಿ ಕರಗಿ, ಬ್ಯಾಕ್ಟೀರಿಯಾಕ್ಕೆ ದಾರಿ ಬಿಡುತ್ತದೆ. ಬಹುಕಾಲ ತೆರೆದಿದ್ದ ನಾಳವನ್ನು ಮತ್ತೆ ಬಿಚ್ಚಿ ತುಂಬಬೇಕಾಗಬಹುದು.

ಕಚ್ಚುವಾಗ ಒಂದೆರಡು ದಿನ ಸಣ್ಣ ನೋವು ಸಹಜ. ಊತ, ಜ್ವರ, ಹೆಚ್ಚುತ್ತ ಹೋಗುವ ನೋವು ಬಂದರೆ ಕಾಯಬೇಡಿ. ಕ್ಯಾಪ್ ಹಾಕಿಸುವುದನ್ನು ಹಬ್ಬ, ಮದುವೆ, ಪರೀಕ್ಷೆ ಎಂದು ತಿಂಗಳುಗಟ್ಟಲೆ ಮುಂದೂಡಬೇಡಿ. ಹೊರಡುವ ಮುನ್ನ ಯಾವ ಸೀಲರ್ ಬಳಸಿದರು, ಎಷ್ಟು ನಾಳ ತುಂಬಿದರು ಎಂಬುದನ್ನು ಚೀಟಿಯಲ್ಲಿ ಬರೆಸಿಕೊಂಡು ಎಕ್ಸ್‌ರೇ ಜೊತೆ ಇಟ್ಟುಕೊಳ್ಳಿ. ಮುಂದೆ ಬೇರೆ ಊರಿನಲ್ಲಿ ಆ ಹಲ್ಲನ್ನು ಮತ್ತೆ ತೆರೆಯಬೇಕಾಗಿ ಬಂದರೆ, ಅಲ್ಲಿನ ವೈದ್ಯರು ಮೊದಲು ಕೇಳುವುದು ಅದನ್ನೇ. ಗಟ್ಟಿಯಾದ ಬಯೋಸೆರಾಮಿಕ್ ಅನ್ನು ತೆಗೆಯುವ ಕ್ರಮ ಬೇರೆ, ಯೂಜೆನಾಲ್ ಸಿಮೆಂಟನ್ನು ತೆಗೆಯುವ ಕ್ರಮ ಬೇರೆ.