ತಾಯಿಯ ಸೂಜಿ

ಕೆನಡಾ ಮತ್ತು ಅಲಾಸ್ಕಗಳ ಉತ್ತರದ ಅರಣ್ಯಗಳಲ್ಲಿ ಅಥಪಾಸ್ಕನ್ ಭಾಷೆಗಳನ್ನಾಡುವ ಹಲವು ಜನಾಂಗಗಳುಂಟು. ಮರಗಳು ಮುಗಿಯುವಲ್ಲಿ ಇನುಯಿಟ್ ಜನರ ಬಯಲುನಾಡು ಆರಂಭವಾಗುವದು. ಇಲ್ಲಿಯ ಕ್ರೂರವಾದ ಚಳಿಯಲ್ಲಿ ಪ್ರಾಣವನ್ನು ಕಾಯುತ್ತಿದ್ದದ್ದು ಯಾವದು? ಬೇಟೆಗಾರನ ಬಾಣವೆನ್ನಬಹುದು, ಆದರೆ ಅದಕ್ಕಿಂತ ಮುಂಚೆ ಸ್ತ್ರೀಯ ಸೂಜಿ ಬೇಕಾಗಿತ್ತು.

ಗಂಡಸರು ಕಾರಿಬೂ ಎಂಬ ಜಿಂಕೆಜಾತಿಯ ಮೃಗವನ್ನು ಕೊಂದು ತರುವರು. ಅಥಪಾಸ್ಕನ್ ಹೆಂಗಸರು ಅದರ ಚರ್ಮವನ್ನು ಹೆರೆದು, ಮಿದುಳು ತಿಕ್ಕಿ ಮೆದುಮಾಡಿ, ಹೊಗೆಯಲ್ಲಿ ಹದಗೊಳಿಸಿ, ಸ್ನಾಯುವಿನ ನೂಲಿನಿಂದ ಹೊಲಿಯುವರು. ಇನುಯಿಟ್ ಹೆಂಗಸರು ಎರಡು ಅಂಗಿಗಳನ್ನು ಮಾಡುವರು: ಒಳಗಿನದರ ರೋಮ ಮೈಗೆ ತಾಗುವದು, ಹೊರಗಿನದರದು ಗಾಳಿಯ ಕಡೆಗಿರುವದು. ಹೊಲಿಗೆ ಬಿಟ್ಟರೆ ಬೇಟೆಗಾರನು ಹಿಂದಿರುಗುವದು ಸಂದೇಹವೇ.

ಈ ವಿದ್ಯೆಗೆ ತಾಯಿಯ ಮಗ್ಗುಲೇ ಪಾಠಶಾಲೆ. ಕೆನಡಾದಲ್ಲಿ ಸರಕಾರವೂ ಕ್ರೈಸ್ತ ಸಭೆಗಳೂ ನಡಿಸಿದ ವಸತಿಶಾಲೆಗಳು ಇಂಥ ಜನಾಂಗಗಳ ಮಕ್ಕಳನ್ನು ಮನೆಯಿಂದ ಅಗಲಿಸಿ, ತಾಯ್ನುಡಿಯನ್ನೂ ತಡೆದಾಗ, ಅನೇಕ ಮನೆಗಳಲ್ಲಿ ಈ ಎಳೆ ಕಡಿಯಿತು. 2008ರ ಜೂನ್ 11ರಂದು ಆ ದೇಶದ ಪ್ರಧಾನಮಂತ್ರಿಗಳು ಪಾರ್ಲಿಮೆಂಟಿನಲ್ಲಿ ಕ್ಷಮೆ ಬೇಡಿದರು. ಈಗ ಅಜ್ಜಿಯರು ಮೊಮ್ಮಕ್ಕಳಿಗೆ ಸೂಜಿಯನ್ನು ತಿರಿಗಿ ಹಿಡಿಸುತ್ತಿರುವರು.

ಪ್ರಿಯ ಭಗಿನಿಯರೇ, ಶಾಲೆಯ ವಿದ್ಯೆಯು ತಾಯಿಯ ವಿದ್ಯೆಗೆ ಕೂಡತಕ್ಕದ್ದು, ಅದನ್ನು ಕಳೆಯತಕ್ಕದ್ದಲ್ಲ.